ಕಾಕಾನ ಟ್ರಂಕಿನಲ್ಲಿ ಸಿಕ್ಕ ಎಕ್ಸ್-ಮೆನ್: ಕೋಟಿಯೋ, ರದ್ದಿಯೋ?

ಪ್ರಶ್ನೆ: ನಮಸ್ಕಾರ ಸರ್. ನಾವು ಬಾಗಲಕೋಟೆ ನವನಗರದವರು. ನಮ್ಮ ಕಾಕಾ ಮುಂಬೈಯಲ್ಲಿ ನೌಕರಿಯಲ್ಲಿದ್ದರು. ರಜೆಗೆ ಬರುವಾಗ ಫ್ಲೋರಾ ಫೌಂಟನ್ ಫುಟ್‌ಪಾತಿನಿಂದ ಇಂಗ್ಲಿಷ್ ಕಾಮಿಕ್ಸ್ ತರುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಹಳೆ ಊರು ಬಿಟ್ಟು ನವನಗರಕ್ಕೆ ಬಂದಾಗ ಬೀಗ ತೆರೆಯದೆ ಹಾಗೇ ತಂದಿಟ್ಟ ಟ್ರಂಕು ಒಂದಿತ್ತು. ಈಗ ತೆಗೆದರೆ ಆಯಿಯ ಇಳಕಲ್ ಸೀರೆಗಳ ಕೆಳಗೆ ಸುಮಾರು 160 ಪುಸ್ತಕ ಸಿಕ್ಕಿವೆ. ಎಲ್ಲ ಸೂಪರ್‌ಹೀರೋ ತಂಡಗಳ ಕತೆ, ಎಕ್ಸ್-ಮೆನ್ ಜಾಸ್ತಿ. ಅವೆಂಜರ್ಸ್ ಒಂದು 30, ಜಸ್ಟಿಸ್ ಲೀಗ್ 20-25, ನ್ಯೂ ಮ್ಯೂಟಂಟ್ಸ್ ಅಂತ ಐದಾರು. 1991ರ ಎಕ್ಸ್-ಮೆನ್ ನಂಬರ್ 1, ಅಂದರೆ ಮೊದಲ ಸಂಚಿಕೆ, ಮೂರು ಪ್ರತಿ ಇವೆ. ಪ್ಲಾಸ್ಟಿಕ್ ಚೀಲ ಒಡೆಯದ ಎಕ್ಸ್-ಫೋರ್ಸ್ ನಂಬರ್ 1 ಎರಡಿವೆ. ಇವಲ್ಲದೆ 1963ರ ಎಕ್ಸ್-ಮೆನ್ ನಂಬರ್ 1 ಕೂಡ ಒಂದಿದೆ, ಹೊಸದರಂತೆ ಹೊಳೆಯುತ್ತದೆ. ತಂಗಿಯ ಮಗ ಫೋನಿನಲ್ಲಿ ನೋಡಿ ಇದು ಕೋಟಿ ಬಾಳುತ್ತದೆ ಅಂದ. ಪುಣೆಯ ಒಬ್ಬರು ಎಲ್ಲ ಸೇರಿ 15,000 ಕೊಡುತ್ತೇನೆ, ಬಿಡಿಬಿಡಿಯಾಗಿ ಬೇಡ ಅನ್ನುತ್ತಿದ್ದಾರೆ. ಕೆಲವು ಪುಸ್ತಕಕ್ಕೆ ಮುಖಪುಟದ ಮೇಲ್ಭಾಗವೇ ಇಲ್ಲ. ಕೆಲವಕ್ಕೆ ಲೈಬ್ರರಿ ಸಿಕ್ಕಾ ಹೊಡೆದಿದೆ. ಲ್ಯಾಮಿನೇಷನ್ ಮಾಡಿಸಲೇ? ಬಿಸಿಲಿಗೆ ಹಾಕಲೇ? ಅಮೆರಿಕಕ್ಕೆ ಕಳಿಸಿ ಗ್ರೇಡ್ ಹಾಕಿಸಬೇಕಂತೆ, ನಿಜವೇ? ಮಗಳು ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಮುಟ್ಟಲು ಬಿಟ್ಟಿಲ್ಲ.

ಉತ್ತರ: ನಮಸ್ಕಾರ. ನಿಮ್ಮ ಪತ್ರ ಎರಡು ಸಲ ಓದಿದೆ. ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಲ್ಯಾಮಿನೇಷನ್ ಅಂಗಡಿಯ ಕಡೆ ಹೋಗಲೇಬೇಡಿ. ಪುಣೆಯವರಿಗೆ ಇನ್ನೊಂದು ಹದಿನೈದು ದಿನ ಹೂಂ ಅನ್ನಬೇಡಿ.

ನಿಮ್ಮ ಸಂಕಟ ಅರ್ಥವಾಗುತ್ತದೆ. ಹುಡುಗ ಕೋಟಿ ಅನ್ನುತ್ತಾನೆ, ವ್ಯಾಪಾರಿ ಹದಿನೈದು ಸಾವಿರ ಅನ್ನುತ್ತಾರೆ, ನಡುವೆ ಕಾಕಾನ ನೆನಪು. ಮಾರಿದರೆ ಮೋಸ ಹೋದೆವೇನೋ, ಇಟ್ಟುಕೊಂಡರೆ ಹುಳ ತಿಂದೀತೇನೋ ಅನ್ನುವ ಹೆದರಿಕೆ. ಬೆಳಗಾವಿಯಲ್ಲಿ ಹಳೆ ಕಾಮಿಕ್ಸ್ ಕೊಡುಕೊಳ್ಳುವ ಕೆಲಸ ಹಿಡಿದು ಇಪ್ಪತ್ತು ವರ್ಷದ ಮೇಲಾಯಿತು. ಇಂಥ ಟ್ರಂಕುಗಳು ವರ್ಷಕ್ಕೆ ಮೂರ್ನಾಲ್ಕು ನನ್ನ ಮುಂದೆ ಬರುತ್ತವೆ. ಕ್ಯಾಂಪ್ ಕಡೆಯ ಮಿಲಿಟರಿ ಮನೆಗಳಿಂದ, ಗೋವಾದಲ್ಲಿ ಇದ್ದು ಬಂದವರಿಂದ, ಮುಂಬೈ ಪುಣೆಯಲ್ಲಿ ನೌಕರಿ ಮಾಡಿ ಊರಿಗೆ ಮರಳಿದವರಿಂದ. ಬಹಳಷ್ಟು ಟ್ರಂಕುಗಳಲ್ಲಿ ಕೋಟಿಯೂ ಇರುವುದಿಲ್ಲ, ಬರೀ ರದ್ದಿಯೂ ಇರುವುದಿಲ್ಲ. ನೂರೈವತ್ತು ಪುಸ್ತಕದಲ್ಲಿ ಮೂರೋ ನಾಲ್ಕೋ ಇಡೀ ಟ್ರಂಕಿನ ಬೆಲೆ ಹೊತ್ತಿರುತ್ತವೆ. ಆ ಮೂರು ನಾಲ್ಕು ಯಾವುವು ಅಂತ ಗೊತ್ತಾಗುವ ತನಕ ಮಾರುವುದೂ ಬೇಡ, ರಿಪೇರಿಯೂ ಬೇಡ.

ಈಗ ಕೋಟಿಯ ಪುಸ್ತಕಕ್ಕೆ ಬರೋಣ. ನೀವು ಬರೆದಿದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು "ಹೊಸದರಂತೆ ಹೊಳೆಯುತ್ತದೆ" ಅನ್ನುವ ಮಾತು. 1963ರ ಕಾಮಿಕ್ಸಿನ ಒಳಹಾಳೆ ಅಗ್ಗದ ನ್ಯೂಸ್‌ಪ್ರಿಂಟ್. ಆ ಕಾಗದದಲ್ಲಿ ಆಮ್ಲ ಇರುತ್ತದೆ, ಮರದ ತಿರುಳಿನ ಲಿಗ್ನಿನ್ ಇರುತ್ತದೆ. ಬಿಸಿಲು ಕಂಡರೂ ಕಾಣದಿದ್ದರೂ ಹಾಳೆ ನಿಧಾನಕ್ಕೆ ಕೆನೆ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ಫುಟ್‌ಪಾತಿನಿಂದ ಬಂದು ಟ್ರಂಕಿನಲ್ಲಿ ದಶಕಗಟ್ಟಲೆ ಕೂತ 1963ರ ಪುಸ್ತಕ ಹೊಸದರಂತೆ ಇರುವುದು ಬಹಳ ಅಪರೂಪ. ಮುಖಪುಟದ ಸುತ್ತ ಬೆಳ್ಳಿ ಬಣ್ಣದ ಚೌಕಟ್ಟು ಇದೆಯಾ ನೋಡಿ. ಎಲ್ಲಾದರೂ 'ಮಾರ್ವೆಲ್ ಮೈಲ್‌ಸ್ಟೋನ್ ಎಡಿಷನ್' ಅಂತ ಅಚ್ಚಾಗಿದೆಯಾ ನೋಡಿ. ಬೆಲೆ 2.95 ಡಾಲರ್ ಅಂತಿದ್ದರೆ ಮಾತು ಮುಗಿಯಿತು. ಅದು ಎಕ್ಸ್-ಮೆನ್ ಪ್ರಕಾಶಕರಾದ ಮಾರ್ವೆಲ್ ಕಂಪನಿಯೇ 1991ರಲ್ಲಿ ಮಾಡಿದ ಮರುಮುದ್ರಣ. ಕತೆ ಅದೇ, ಚಿತ್ರ ಅದೇ, ಒಳಗಿನ ಹಳೆ ಜಾಹೀರಾತು ಕೂಡ ಅವೇ. ಅದಕ್ಕೇ ಜನ ಬೇಸ್ತು ಬೀಳುತ್ತಾರೆ. ಅಸಲಿ ಪುಸ್ತಕದ ಬೆಲೆ 12 ಸೆಂಟ್. ಬ್ರಿಟನ್ನಿನ ಮಾರಾಟಕ್ಕಾಗಿ ಅಮೆರಿಕದಲ್ಲೇ, ಅದೇ ಹೊತ್ತಿಗೆ, ಪೆನ್ಸ್ ಬೆಲೆ ಹಾಕಿ ಅಚ್ಚು ಮಾಡಿದ ಮಾರ್ವೆಲ್ ಪುಸ್ತಕಗಳೂ ಇವೆ. ಅಂಥವು ನನ್ನ ಕೈಗೆ ಸಾಕಷ್ಟು ಬಂದಿವೆ. ಅವನ್ನು ನಕಲಿ ಅಂತ ಬದಿಗೆ ತಳ್ಳಬೇಡಿ, ಅವೂ ಅಸಲಿಯೇ.

ಬೆಲೆ ಕಾಣದಿದ್ದರೆ ಸಣ್ಣಕ್ಷರ ಓದಿ. ಮೊದಲ ಪುಟದ ತಳದಲ್ಲೋ, ಮುಖಪುಟದ ಒಳಬದಿಯಲ್ಲೋ ಇರುವೆ ಸಾಲಿನಂಥ ಅಕ್ಷರದಲ್ಲಿ ಪುಸ್ತಕದ ಹೆಸರು, ಸಂಚಿಕೆಯ ನಂಬರು, ತಿಂಗಳು, ವರ್ಷ, ಪ್ರಕಾಶಕರ ವಿಳಾಸ ಇರುತ್ತದೆ. ಎರಡನೇ ಮುದ್ರಣವಾದರೆ ಬಹಳ ಸಲ ಅಲ್ಲೇ ಹೇಳಿರುತ್ತಾರೆ. ನಾನು ಯಾವ ಪುಸ್ತಕ ಕೈಗೆ ಬಂದರೂ ಚಿತ್ರ ನೋಡುವ ಮೊದಲು ಆ ಸಾಲು ಓದುತ್ತೇನೆ. ಇತ್ತೀಚಿನ ವರ್ಷಗಳಲ್ಲಿ ಫ್ಯಾಕ್ಸಿಮಿಲಿ ಎಡಿಷನ್ ಅಂತ ಬೇರೆ ಬರುತ್ತಿವೆ. ಅವುಗಳ ಮುಖಪುಟ ಅಸಲಿಯಂತೆಯೇ, ಕಾಗದ ಮಾತ್ರ ನುಣುಪು, ಬಾರ್‌ಕೋಡ್ ಈಗಿನ ಕಾಲದ್ದು. ಮರುಮುದ್ರಣಕ್ಕೆ ಬೇಸ್ತು ಬೀಳುವ ಇನ್ನೊಂದು ಬಗೆಯೂ ಇದೆ. ಜಸ್ಟಿಸ್ ಲೀಗಿಗೂ ಮೊದಲಿನ ತಂಡ ಜಸ್ಟಿಸ್ ಸೊಸೈಟಿ. ಅದು ಮೊದಲು ಕಾಣಿಸಿದ್ದು 1940ರ ಆಲ್ ಸ್ಟಾರ್ ಕಾಮಿಕ್ಸ್ ನಂಬರ್ 3ರಲ್ಲಿ. ಜಸ್ಟಿಸ್ ಲೀಗ್ ಪ್ರಕಾಶಕರಾದ ಡಿಸಿ ಕಂಪನಿ 1970ರ ದಶಕದಲ್ಲಿ ಅದನ್ನು ದೊಡ್ಡ ಅಳತೆಯಲ್ಲಿ ಮತ್ತೆ ಅಚ್ಚು ಹಾಕಿತು. ಅದರ ಹೊರಪುಟ ಕಿತ್ತುಹೋದರೆ ಒಳಗಿರುವುದು 1940ರ ಮುಖಪುಟದ ನಕಲು. ಅಂಥದ್ದನ್ನು ಅಸಲಿ ಅಂತ ನಂಬಿ ಬಂದವರನ್ನು ನಾನು ನೋಡಿದ್ದೇನೆ. ಸ್ಕೇಲ್ ಹಿಡಿದರೆ ಸಾಕು, ಅಳತೆಯೇ ಹೇಳುತ್ತದೆ.

ಹುಡುಗ ಫೋನಿನಲ್ಲಿ ನೋಡಿದ್ದು ಸುಳ್ಳಲ್ಲ. 1961ರ ಫೆಂಟಾಸ್ಟಿಕ್ ಫೋರ್ ನಂಬರ್ 1ರ ಒಂದು ಪ್ರತಿ 2022ರಲ್ಲಿ 15 ಲಕ್ಷ ಡಾಲರಿಗೆ ಹರಾಜಾಗಿದೆ. ಆದರೆ ಆ ಪ್ರತಿಗೆ 10ಕ್ಕೆ 9.2 ಗ್ರೇಡ್, ಅಂದರೆ ಪುಸ್ತಕದ ಸ್ಥಿತಿಗೆ ಕೊಡುವ ಅಂಕ, ಇತ್ತು. ಅರವತ್ತು ವರ್ಷ ಕಳೆದರೂ ಮೂಲೆ ಮುರಿಯದೆ, ಬಣ್ಣ ಮಾಸದೆ ಉಳಿದ ಬೆರಳೆಣಿಕೆ ಪ್ರತಿಗಳಲ್ಲಿ ಅದೊಂದು. ಅದೇ ಪುಸ್ತಕ 2.0 ಗ್ರೇಡಿನಲ್ಲಿ ಇದ್ದರೆ ಬೆಲೆ ಎಷ್ಟೋ ಪಟ್ಟು ಕೆಳಗೆ. ಇನ್ನೊಂದು ವಿಷಯ. ಫೋನಿನಲ್ಲಿ ಮೊದಲು ಕಾಣುವುದು ಮಾರುವವರು ಕೇಳುವ ಬೆಲೆ. ಯಾರು ಬೇಕಾದರೂ ಎಷ್ಟು ಬೇಕಾದರೂ ಕೇಳಬಹುದು, ಅಲ್ವಾ? ಈಬೇ ಅನ್ನುವ ಮಾರಾಟದ ವೆಬ್‌ಸೈಟಿನಲ್ಲಿ 'ಸೋಲ್ಡ್' ಅಂತ ಆರಿಸಿದರೆ ನಿಜವಾಗಿ ಮಾರಾಟವಾದ ಬೆಲೆ ಕಾಣುತ್ತದೆ. ಅದನ್ನೇ ನೋಡಿ. ಅದರಲ್ಲೂ ಗ್ರೇಡ್ ಆಗದ, ನಿಮ್ಮ ಪ್ರತಿಯಷ್ಟೇ ಹಳತಾದ ಪುಸ್ತಕದ್ದು ನೋಡಿ.

ಎರಡನೇ ತಪ್ಪು ನಂಬಿಕೆ, ನಂಬರ್ 1 ಅಂದರೆ ಬೆಲೆ ಅನ್ನುವುದು. ನಿಮ್ಮ ಹತ್ತಿರ ಮೂರು ಪ್ರತಿ ಇರುವ 1991ರ ಎಕ್ಸ್-ಮೆನ್ ನಂಬರ್ 1 ಎಷ್ಟು ಅಚ್ಚಾಗಿ ಹೋಗಿದೆ ಗೊತ್ತಾ? 80 ಲಕ್ಷಕ್ಕೂ ಜಾಸ್ತಿ. ಗಿನ್ನೆಸ್ ದಾಖಲೆ ಅದು. ಕ್ರಿಸ್ ಕ್ಲೇರ್‌ಮಾಂಟ್ ಕತೆ, ಜಿಮ್ ಲೀ ಚಿತ್ರ. ಐದು ಬೇರೆ ಬೇರೆ ಮುಖಪುಟದಲ್ಲಿ ಬಂತು. ನಾಲ್ಕನ್ನು ಪಕ್ಕಪಕ್ಕ ಇಟ್ಟರೆ ಒಂದೇ ದೊಡ್ಡ ಚಿತ್ರ ಆಗುತ್ತದೆ, ಐದನೆಯದರಲ್ಲಿ ಆ ಪೂರ್ತಿ ಚಿತ್ರ ಮಡಿಚಿಟ್ಟಂತೆ ಇದೆ. ಒಬ್ಬೊಬ್ಬರೇ ಐದೈದು, ಹತ್ತು ಹತ್ತು ಕೊಂಡರು. ಓದಲಿಕ್ಕಲ್ಲ, ಮುಂದೆ ದುಡ್ಡಾಗುತ್ತದೆ ಅಂತ. ಅದೇ ಬೇಸಿಗೆಯ ಎಕ್ಸ್-ಫೋರ್ಸ್ ನಂಬರ್ 1 ಕೂಡ ಹಾಗೇ, 50 ಲಕ್ಷದ ಆಸುಪಾಸು. ಚೀಲದೊಳಗೆ ಒಂದು ಕಾರ್ಡ್ ಇಟ್ಟು ಮುಚ್ಚಿದ್ದರು. ಕಾರ್ಡಿನಲ್ಲಿ ಐದು ಬಗೆ, ಹಾಗಾಗಿ ಐದೂ ಬೇಕು ಅನ್ನುವವರು ಐದು ಪುಸ್ತಕ ಕೊಂಡರು.

1940ರ, 60ರ ಪುಸ್ತಕಕ್ಕೆ ಬೆಲೆ ಬಂದದ್ದು ಹೇಗೆ ಅಂದರೆ, ಆಗಿನ ಮಕ್ಕಳು ಓದಿ ಎಸೆದರು, ತಾಯಂದಿರು ರದ್ದಿಗೆ ಹಾಕಿದರು, ಯುದ್ಧದ ಕಾಲದಲ್ಲಿ ಕಾಗದ ಕೂಡಿಹಾಕಲು ಕೊಟ್ಟರು, ಹೀಗೆ ಕಳೆದು ಕಳೆದು ಉಳಿದದ್ದು ಕೆಲವೇ. 1991ರಲ್ಲಿ ಎಲ್ಲರೂ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟ ಮೇಲೆ ಅದು ಅಪರೂಪ ಆಗುವುದಾದರೂ ಹೇಗೆ? ಕೆಲವೇ ವರ್ಷದಲ್ಲಿ ಆ ಗುಳ್ಳೆ ಒಡೆಯಿತು, ಅಂಗಡಿಗಳು ಮುಚ್ಚಿದವು, 1996ರ ಡಿಸೆಂಬರಿನಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಹಾಗಾಗಿ ಆ ಐದೂ ಪ್ರತಿ ಪ್ರೀತಿಗೆ ಇಟ್ಟುಕೊಳ್ಳುವಂಥವು. ಎಕ್ಸ್-ಫೋರ್ಸಿನ ಚೀಲ ಒಡೆಯುವ ಅಗತ್ಯ ಇಲ್ಲ. ಅದರಲ್ಲಿ ಡೆಡ್‌ಪೂಲ್ ಅನ್ನುವ ಪಾತ್ರದ ಕಾರ್ಡ್ ಇದ್ದರೆ ಕೇಳುವವರು ಸ್ವಲ್ಪ ಜಾಸ್ತಿ, ಅಷ್ಟೇ.

ಡೆಡ್‌ಪೂಲ್ ಅಂದೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಸಾಲು ನೀವು ಹಾಗೇ ಹೇಳಿ ದಾಟಿದ್ದು: "ನ್ಯೂ ಮ್ಯೂಟಂಟ್ಸ್ ಅಂತ ಐದಾರು." ಈಗಲೇ ಹೋಗಿ ಅವುಗಳ ನಂಬರು ನೋಡಿ. ಆ ಪುಸ್ತಕ 1991ರಲ್ಲಿ ನಂಬರ್ 100ಕ್ಕೆ ನಿಂತಿತು, ಅದೇ ತಂಡ ಎಕ್ಸ್-ಫೋರ್ಸ್ ಆಯಿತು. ಎಕ್ಸ್-ಫೋರ್ಸ್ ನಂಬರ್ 1 ಎರಡು ಪ್ರತಿ ಕೊಂಡ ಕಾಕಾ ಅದರ ಹಿಂದಿನ ಸಂಚಿಕೆಗಳನ್ನೂ ತಂದಿರುವ ಸಾಧ್ಯತೆ ಇದೆ. ನಿಮ್ಮ ಐದಾರರಲ್ಲಿ 1991ರ ಫೆಬ್ರವರಿಯ ನಂಬರ್ 98 ಇದ್ದರೆ, ಅದು ಡೆಡ್‌ಪೂಲ್ ಮೊದಲ ಸಲ ಬಂದ ಸಂಚಿಕೆ. ಬೆಲೆ 1 ಡಾಲರ್ ಅಂತ ಇರಬೇಕು. ನಂಬರ್ 87 ಇದ್ದರೆ ಕೇಬಲ್ ಅನ್ನುವ ಪಾತ್ರ ಮೊದಲು ಬಂದದ್ದು. ಹೀಗೆ ಬೆಲೆ ಹೊತ್ತ ಮುಖ್ಯ ಸಂಚಿಕೆಗಳನ್ನು ನಮ್ಮ ವ್ಯಾಪಾರದಲ್ಲಿ ಕೀ ಇಶ್ಯೂ ಅನ್ನುತ್ತಾರೆ. ನಂಬರ್ 98ರ ಒಂದು ಚೊಕ್ಕ ಪ್ರತಿ ಸಿಕ್ಕರೆ, ಪುಣೆಯವರು ಇಡೀ ಟ್ರಂಕಿಗೆ ಹೇಳಿದ ಬೆಲೆಯನ್ನು ಅದೊಂದೇ ದಾಟುವ ಸಾಧ್ಯತೆ ಇದೆ. ಬಿಡಿಯಾಗಿ ಬೇಡ, ಎಲ್ಲ ಒಟ್ಟಿಗೇ ಬೇಕು ಅಂತ ಯಾರಾದರೂ ಹಟ ಹಿಡಿದರೆ ಅವರು ಏನೋ ಒಂದನ್ನು ಕಂಡಿದ್ದಾರೆ ಅಂತ ನಾನು ಅಂದುಕೊಳ್ಳುತ್ತೇನೆ. ಫೋಟೋ ಕಳಿಸಿದ್ದೀರಾ ಅವರಿಗೆ? ಕಳಿಸಿದ್ದರೆ ಆ ಫೋಟೋದಲ್ಲಿ ಯಾವ ಯಾವ ಮುಖಪುಟ ಕಾಣುತ್ತಿತ್ತು ನೋಡಿ.

ತಂಡದ ಕಾಮಿಕ್ಸಿಗೆ ಬೆಲೆ ಕಟ್ಟುವ ಗುಟ್ಟು ಇದೇ. ಒಬ್ಬನೇ ನಾಯಕನ ಪುಸ್ತಕಕ್ಕಿಂತ ಇದರಲ್ಲಿ ಹೊಸ ಪಾತ್ರಗಳು ಜಾಸ್ತಿ ಬಂದು ಸೇರುತ್ತಿರುತ್ತವೆ. ಯಾವುದೋ ನಡುವಿನ ನಂಬರಿನಲ್ಲಿ ಯಾರೋ ಮೂಲೆಯಲ್ಲಿ ನಿಂತಿರುತ್ತಾರೆ, ಇಪ್ಪತ್ತು ವರ್ಷದ ಮೇಲೆ ಆತನೇ ಸಿನಿಮಾದ ಹೀರೋ. ಆದ್ದರಿಂದ ಪುಸ್ತಕದ ಹೆಸರು ನೋಡಿ ಬೆಲೆ ಹೇಳಲು ಆಗುವುದಿಲ್ಲ, ನಂಬರ್ ಬೇಕು. ನಿಮ್ಮ ಎಕ್ಸ್-ಮೆನ್ ಗುಡ್ಡೆಯಲ್ಲಿ 1990ರ ಅನ್‌ಕ್ಯಾನಿ ಎಕ್ಸ್-ಮೆನ್ (1963ರ ಸರಣಿಯ ಮುಂದಿನ ಹೆಸರು) 266 ಹುಡುಕಿ, ಗ್ಯಾಂಬಿಟ್ ಬಂದದ್ದು. 1989ರ 244ರಲ್ಲಿ ಜುಬಿಲಿ. ಇನ್ನೂ ಹಳೆಯವಿದ್ದರೆ 94, 101, 129, 141, 142 ನಂಬರುಗಳನ್ನು ಬೇರೆ ಇಡಿ. 1970ರಿಂದ 75ರ ನಡುವಿನ 67ರಿಂದ 93ರ ತನಕದ ಸಂಚಿಕೆ ಕಂಡರೆ ಹಳೆಯವು ಅಂತ ಜಾಸ್ತಿ ಹಿಗ್ಗಬೇಡಿ. ಆ ಐದು ವರ್ಷ ಎಕ್ಸ್-ಮೆನ್ ಹಳೆ ಕತೆಗಳನ್ನೇ ಮತ್ತೆ ಅಚ್ಚು ಹಾಕುತ್ತಿತ್ತು. ಹಾಗಂತ ಬೆಲೆ ಇಲ್ಲ ಅಂತಲ್ಲ, 94ರಷ್ಟು ಇಲ್ಲ.

ಅವೆಂಜರ್ಸ್‌ನಲ್ಲಿ 1964ರ ನಂಬರ್ 4, 1968ರ ನಂಬರ್ 57, 1979ರ 181, 1980ರ 196. ಕ್ರಮವಾಗಿ ಕ್ಯಾಪ್ಟನ್ ಅಮೆರಿಕ ಮರಳಿ ಬಂದದ್ದು, ಆಮೇಲೆ ವಿಷನ್, ಸ್ಕಾಟ್ ಲ್ಯಾಂಗ್, ಟಾಸ್ಕ್‌ಮಾಸ್ಟರ್ ಮೊದಲು ಬಂದದ್ದು. ಜಸ್ಟಿಸ್ ಲೀಗ್ ಮೊದಲು ಬಂದದ್ದು 1960ರ ಬ್ರೇವ್ ಅಂಡ್ ದಿ ಬೋಲ್ಡ್ 28ರಲ್ಲಿ, ಅದು ಫುಟ್‌ಪಾತಿನಲ್ಲಿ ಸಿಗುವುದು ಕನಸೇ. 1987ರ ಜಸ್ಟಿಸ್ ಲೀಗ್ ನಂಬರ್ 1 ಧಾರಾಳವಾಗಿ ಸಿಗುತ್ತದೆ. ಡಿಸಿ ಗುಡ್ಡೆಯಲ್ಲಿ 1980ರ ನ್ಯೂ ಟೀನ್ ಟೈಟನ್ಸ್ ನಂಬರ್ 2 ಸಿಕ್ಕಿಕೊಂಡಿದ್ದರೆ ಮಾತ್ರ ಎತ್ತಿಡಿ, ಡೆತ್‌ಸ್ಟ್ರೋಕ್ ಅದರಲ್ಲೇ ಬಂದದ್ದು. ರೂಪಾಯಿ ಬೆಲೆ ಅಚ್ಚಾದವು ಇದ್ದರೆ ಅವು ಇಲ್ಲೇ ಭಾರತದಲ್ಲಿ ಅಚ್ಚಾದವು. ಗೋಥಮ್ ಕಾಮಿಕ್ಸ್‌ನವರು ಮಾರ್ವೆಲ್, ಡಿಸಿ ಕತೆಗಳನ್ನು ಹೀಗೆ ತರುತ್ತಿದ್ದರು. ಅವುಗಳಿಗೆ ಅಮೆರಿಕದ ಬೆಲೆ ಹೊಂದಿಸಿ ನೋಡಬೇಡಿ. ಟ್ರಂಕಿನ ತಳದಲ್ಲಿ ಕನ್ನಡದ ಇಂದ್ರಜಾಲ ಕಾಮಿಕ್ಸ್ ಇದ್ದರೆ ನನಗೆ ತಿಳಿಸಲೇಬೇಕು. ತಂಡದ ಕತೆ ಅಲ್ಲದಿದ್ದರೂ ಅದನ್ನು ಹುಡುಕುವವರು ನಮ್ಮ ಜಿಲ್ಲೆಗಳಲ್ಲೇ ಇದ್ದಾರೆ, ಮತ್ತು ಕನ್ನಡದ ಪ್ರತಿಗಳು ಒಳ್ಳೆಯ ಸ್ಥಿತಿಯಲ್ಲಿ ಸಿಗುವುದು ನನಗಂತೂ ವರ್ಷಕ್ಕೊಮ್ಮೆ.

ಇನ್ನು ಸ್ಥಿತಿ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ದುಡ್ಡು ಇರುವುದೂ ಹೋಗುವುದೂ ಇಲ್ಲೇ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಮೇಜಿನ ಮೇಲೆ ಒಗೆದ ಬಿಳಿ ಪಂಚೆ ಹಾಸಿ. ಪುಸ್ತಕವನ್ನು ಅಂಗೈ ಮೇಲೆ ಮಲಗಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ನೇರ ನೋಡಿದಾಗ ಕಾಣದ್ದು ಓರೆಯಲ್ಲಿ ಕಾಣುತ್ತದೆ. ಬೆನ್ನಿನ ಉದ್ದಕ್ಕೂ, ಪಿನ್ನುಗಳ ಹತ್ತಿರ, ಉಗುರಿನಷ್ಟು ಉದ್ದದ ಸಣ್ಣ ಬಿಳಿ ಗೆರೆಗಳು ಇರುತ್ತವೆ. ಪುಸ್ತಕ ತೆರೆದಾಗೆಲ್ಲ ಬಣ್ಣ ಒಡೆದು ಆದ ಗೆರೆಗಳು ಅವು. ಅಂಥ ಗೆರೆ ಎರಡೇ ಇದ್ದರೆ 9ರ ಹತ್ತಿರ, ಹತ್ತು ಹನ್ನೆರಡು ಆದರೆ 6ಕ್ಕೆ ಇಳಿಯಿತು ಅಂತ ಒಂದು ಸ್ಥೂಲ ಲೆಕ್ಕ ನಾನು ಇಟ್ಟುಕೊಂಡಿದ್ದೇನೆ. ಆಮೇಲೆ ಮೂಲೆಗಳು ಚೂಪಾಗಿವೆಯೋ ದುಂಡಾಗಿವೆಯೋ. ಪಿನ್ನಿಗೆ ತುಕ್ಕು ಹಿಡಿದು ಕಾಗದಕ್ಕೆ ಇಳಿದಿದೆಯೋ. ಹಾಳೆಯ ಬಣ್ಣ ಬಿಳಿಯೋ, ಕೆನೆಯೋ, ಕಂದೋ. ಮೂಸಿ ಕೂಡ ನೋಡಿ. ಮುಗ್ಗಲು ವಾಸನೆ ಇದ್ದರೆ ಅದನ್ನು ಬೇರೆ ಪುಸ್ತಕದ ಜೊತೆ ಇಡಬೇಡಿ.

ಆಮೇಲೆ ಹಾಳೆ ಎಣಿಸಿ. ಸಾಮಾನ್ಯ ಸಂಚಿಕೆಗೆ ಮುಖಪುಟ ಬಿಟ್ಟು 32 ಪುಟ, ಅಂದರೆ ಎಂಟು ಜೋಡಿ ಹಾಳೆ. ಪಿನ್ನು ಕಾಣುವ ನಡುಹಾಳೆ ತೆರೆದರೆ ಎರಡೂ ಕಡೆ 16-16 ಪುಟ ಬರಬೇಕು. ನಡುಹಾಳೆಯೇ ಮೊದಲು ಕಳಚುವುದು. ಹೊರಗಿಂದ ಅಂದವಾಗಿ ಕಂಡು ಒಳಗೆ ನಡುಹಾಳೆ ಇಲ್ಲದ ಪುಸ್ತಕ ಎಷ್ಟೋ ನೋಡಿದ್ದೇನೆ.

ನನಗೇ ಆದ ಒಂದು ಪೆಟ್ಟು ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರುತ್ತದೆ. ಶುರುವಿನ ವರ್ಷಗಳಲ್ಲಿ 1974ರ ಅವೆಂಜರ್ಸ್ ಹತ್ತು ಹನ್ನೆರಡು ಕೊಂಡೆ. ಚೆಂದ ಇದ್ದವು. ಪುಟವೂ ಎಣಿಸಿದ್ದೆ, ಸರಿ ಇದ್ದವು. ದೂರದ ಒಬ್ಬ ಸಂಗ್ರಾಹಕರಿಗೆ ಮಾರಿದೆ. ಎಂಟು ದಿನದಲ್ಲಿ ಮೂರು ಪುಸ್ತಕ ವಾಪಸ್ ಬಂದವು. ಓದುಗರ ಪತ್ರದ ಪುಟದಲ್ಲಿ ಅಂಚೆ ಚೀಟಿಯಷ್ಟು ದೊಡ್ಡ ಚೌಕ ಕತ್ತರಿಯಿಂದ ಕತ್ತರಿಸಿ ತೆಗೆದಿತ್ತು. ಆ ಕಾಲದಲ್ಲಿ ಮಾರ್ವೆಲ್‌ನವರು ಮಕ್ಕಳು ಕತ್ತರಿಸಿ ಅಂಟಿಸಿಕೊಳ್ಳಲಿ ಅಂತ ವ್ಯಾಲ್ಯೂ ಸ್ಟ್ಯಾಂಪ್ ಅನ್ನುವ ಚಿತ್ರ ಹಾಕುತ್ತಿದ್ದರು. ಕತ್ತರಿಸಿದರೆ ಪುಸ್ತಕ ಅಪೂರ್ಣ, ಬೆಲೆ ನೆಲಕ್ಕೆ. ದುಡ್ಡು ಹಿಂದಿರುಗಿಸಿದೆ. ಅವತ್ತಿನಿಂದ 1974ರಿಂದ 76ರ ಮಾರ್ವೆಲ್ ಪುಸ್ತಕ ಬಂದರೆ ಮೊದಲು ಪತ್ರದ ಪುಟಕ್ಕೇ ಹೋಗುತ್ತೇನೆ. ನಿಮ್ಮ 30 ಅವೆಂಜರ್ಸ್‌ನಲ್ಲಿ ಆ ವರ್ಷದವು ಇದ್ದರೆ ನೀವೂ ಅದನ್ನೇ ಮಾಡಿ.

ಮುಖಪುಟದ ಮೇಲ್ಭಾಗ ಇಲ್ಲದ್ದಕ್ಕೆ ಕಾಕಾನನ್ನೋ ಇಲಿಯನ್ನೋ ಬೈಯಬೇಡಿ. ಅಮೆರಿಕದಲ್ಲಿ ಪೇಪರ್ ಸ್ಟಾಲಿನವರು ಮಾರಾಟವಾಗದ ಪುಸ್ತಕದ ಹೆಸರಿರುವ ಪಟ್ಟಿ ಕತ್ತರಿಸಿ, ಅದನ್ನಷ್ಟೇ ಹಿಂದಕ್ಕೆ ಕಳಿಸಿ ದುಡ್ಡು ಪಡೆಯುತ್ತಿದ್ದರು. ಉಳಿದ ಪುಸ್ತಕ ನಾಶ ಮಾಡಬೇಕಿತ್ತು, ಮಾಡದೆ ಅಗ್ಗಕ್ಕೆ ಸಾಗಹಾಕುತ್ತಿದ್ದರು. ಅಂಥವಕ್ಕೆ ಸಂಗ್ರಾಹಕರ ಬೆಲೆ ಬಹಳ ಕಮ್ಮಿ. ಲೈಬ್ರರಿ ಸಿಕ್ಕಾ ಬಿದ್ದವು, ಬಾಡಿಗೆ ಲೈಬ್ರರಿಯವರು ದಬ್ಬಳದಿಂದ ತೂತು ಹೊಡೆದು ದಾರ ಹಾಕಿದವು, ಹೆಸರು ಬರೆದವು ಕೂಡ ಕೆಳಗಿನ ಗ್ರೇಡಿಗೇ ಹೋಗುತ್ತವೆ. ಆದರೆ ಕೀ ಇಶ್ಯೂ ಆಗಿದ್ದರೆ ಸಿಕ್ಕಾ ಇದ್ದರೂ ಕೊಳ್ಳುವವರಿದ್ದಾರೆ. ಸಿಕ್ಕಾ ಅಳಿಸಲು ಸ್ಪಿರಿಟ್ ಹಚ್ಚಬೇಡಿ. ಹರಿದದ್ದಕ್ಕೆ ಸೆಲೋಟೇಪ್ ಬೇಡವೇ ಬೇಡ. ನಾಲ್ಕು ವರ್ಷದಲ್ಲಿ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು. ಶಾಖ ಕೊಟ್ಟು ಪ್ಲಾಸ್ಟಿಕ್ ಅಂಟಿಸುತ್ತಾರೆ, ವಾಪಸ್ ದಾರಿ ಇಲ್ಲ. ಬಣ್ಣ ಹೋದ ಕಡೆ ಸ್ಕೆಚ್ ಪೆನ್ನಿನಿಂದ ತುಂಬುವವರೂ ಇದ್ದಾರೆ, ಅದು ಕಂಡುಬಂದರೆ ಗ್ರೇಡ್ ಮಾಡುವವರು ರಿಪೇರಿ ಆದ ಪುಸ್ತಕ ಅಂತ ಬೇರೆ ಲೇಬಲ್ ಅಂಟಿಸುತ್ತಾರೆ.

ಗ್ರೇಡ್ ವಿಷಯ ಕೇಳಿದಿರಿ. ನಿಜ, ಅಂಥ ಕಂಪನಿಗಳಿವೆ. ಸಿಜಿಸಿ 2000ದಲ್ಲಿ ಶುರುವಾಯಿತು. ಪುಸ್ತಕ ಪರೀಕ್ಷಿಸಿ, 0.5ರಿಂದ 10ರ ನಡುವೆ ನಂಬರ್ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತಾರೆ. ಇದರಿಂದ ಆಗುವ ಲಾಭ ಒಂದೇ: ನಿಮ್ಮ ಮುಖ ನೋಡದ ಕೊಳ್ಳುವವನಿಗೆ ನಂಬಿಕೆ ಬರುತ್ತದೆ. ಖರ್ಚು ಮಾತ್ರ ಹಲವು ಕಡೆಯಿಂದ ಬರುತ್ತದೆ. ಅವರ ಫೀ, ಹೋಗಿ ಬರುವ ಸಾಗಣೆ, ವಿಮೆ, ಕಸ್ಟಮ್ಸ್ ಕಾಗದ ಪತ್ರ, ತಿಂಗಳುಗಟ್ಟಲೆ ಕಾಯುವುದು. ದಾರಿಯಲ್ಲಿ ಒಂದು ಮೂಲೆ ಮಡಚಿದರೆ ಅಲ್ಲೇ ಅರ್ಧ ಹೋಯಿತು. ನಿಮ್ಮ 160ರಲ್ಲಿ ಒಂದೋ ಎರಡೋ ಪುಸ್ತಕಕ್ಕೆ ಮಾತ್ರ ಇದು ಯೋಚಿಸುವ ಮಾತು, ಅದೂ ನಂಬರ್ 98ರಂಥದ್ದು ಬಹಳ ಚೊಕ್ಕ ಇದ್ದರೆ. 1991ರ ಎಕ್ಸ್-ಮೆನ್ ನಂಬರ್ 1 ಕಳಿಸಿದರೆ ಖರ್ಚೂ ಹುಟ್ಟದೇ ಇರಬಹುದು.

ಮಾರುವುದಾದರೆ ಯಾವಾಗ? ಸಿನಿಮಾ ಸುದ್ದಿ ಬಂದಾಗ ಬೆಲೆ ಏರುತ್ತದೆ, ಸಿನಿಮಾ ಬಂದ ಮೇಲೆ ಬಹಳ ಸಲ ಇಳಿಯುತ್ತದೆ. 1976ರ ಎಟರ್ನಲ್ಸ್ ನಂಬರ್ 1ಕ್ಕೆ ಹಾಗೇ ಆಯಿತು. 2021ರ ಸಿನಿಮಾಕ್ಕೆ ಮುಂಚೆ ಎಲ್ಲರೂ ಹುಡುಕಿದರು, ಆಮೇಲೆ ಕೇಳುವವರು ಕಮ್ಮಿಯಾದರು. ಕೊರೋನಾ ಕಾಲದಲ್ಲಿ ಮನೆಯಲ್ಲಿ ಕೂತ ಜನ ಸಿಕ್ಕಿದ್ದಕ್ಕೆಲ್ಲ ಬೆಲೆ ಏರಿಸಿದರು, ಅದೂ ಆಮೇಲೆ ಇಳಿದಿದೆ. ಹಾಗಾಗಿ 2021ರ ಬೆಲೆ ತೋರಿಸಿ ಯಾರಾದರೂ ಆಸೆ ಹುಟ್ಟಿಸಿದರೆ ಈ ಮೂರು ತಿಂಗಳದ್ದು ತೋರಿಸಿ ಅನ್ನಿ.

ನಿಮ್ಮ ಮುಂದೆ ಮೂರು ದಾರಿ ಇವೆ. ಒಟ್ಟಿಗೆ ಮಾರುವುದು ಸುಲಭ, ಬೇಗ ಆಗುತ್ತದೆ, ಬೆಲೆ ಕಮ್ಮಿ ಸಿಗುತ್ತದೆ. ನಾನೇ ಕೊಳ್ಳುವಾಗಲೂ ಮಾರಬಹುದಾದ ಬೆಲೆಯ ಅರ್ಧಕ್ಕಿಂತ ಕಮ್ಮಿಯೇ ಕೊಡುತ್ತೇನೆ, ಯಾಕೆಂದರೆ ಉಳಿದ ನೂರು ಪುಸ್ತಕ ವರ್ಷಗಟ್ಟಲೆ ನನ್ನ ಕಪಾಟಿನಲ್ಲೇ ಕೂರುತ್ತವೆ. ಆದ್ದರಿಂದ ಪುಣೆಯವರನ್ನು ಕಳ್ಳ ಅನ್ನಲಾರೆ. ಕೀ ಇಶ್ಯೂ ಒಂದೂ ಇಲ್ಲದಿದ್ದರೆ 15,000 ಕೆಟ್ಟ ಬೆಲೆಯೂ ಅಲ್ಲ. ಎರಡನೆಯದು, ಒಂದೊಂದಾಗಿ ನೀವೇ ಮಾರುವುದು. ದುಡ್ಡು ಜಾಸ್ತಿ ಬರುತ್ತದೆ, ಆದರೆ ಫೋಟೋ, ಪ್ಯಾಕಿಂಗು, ಪೋಸ್ಟು, ಚೌಕಾಸಿ ಎಲ್ಲ ನಿಮ್ಮದೇ. ಇದರಲ್ಲಿ ಮೋಸದ ಭಯವೂ ಇದೆ. ದುಡ್ಡು ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅನ್ನುವವರು ಸಿಗುತ್ತಾರೆ. ದುಡ್ಡು ಬರಲು ಪಿನ್ ಬೇಕಿಲ್ಲ, ಹೋಗಲು ಬೇಕು. ಮೂರನೆಯದು, ಮೂರ್ನಾಲ್ಕು ಕೀ ಇಶ್ಯೂ ಮಾರಿ ಉಳಿದದ್ದನ್ನು ಮನೆಯಲ್ಲೇ ಇಟ್ಟುಕೊಳ್ಳುವುದು. ನನ್ನನ್ನು ಕೇಳಿದರೆ ಇದೇ. ಬೆಲೆ ಇಲ್ಲದ ನೂರೈವತ್ತನ್ನು ಪುಡಿಗಾಸಿಗೆ ಕೊಟ್ಟು ಆಮೇಲೆ ಮರುಗಿದ ಮನೆಗಳನ್ನು ಕಂಡಿದ್ದೇನೆ.

ಇಟ್ಟುಕೊಳ್ಳುವುದಾದರೆ, ಟ್ರಂಕು ಅಟ್ಟದಲ್ಲಿದ್ದರೆ ಮೊದಲು ಇಳಿಸಿ. ನಿಮ್ಮ ಊರಿನ ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಛಾವಣಿಯ ಕೆಳಗಿನ ಕಬ್ಬಿಣದ ಟ್ರಂಕು ಒಲೆಯ ಹಾಗೆ ಕಾಯುತ್ತದೆ, ಕಾಗದ ಒಣಗಿ ಹಪ್ಪಳದಂತೆ ಮುರಿಯುತ್ತದೆ. ನಮ್ಮ ಬೆಳಗಾವಿಯ ಕತೆ ಉಲ್ಟಾ, ಮಳೆಗಾಲದಲ್ಲಿ ಗೋಡೆಗೆ ತಾಗಿಸಿಟ್ಟ ಕಪಾಟಿನಲ್ಲಿ ಬೂಸ್ಟು ಬರುತ್ತದೆ. ನಿಮಗೆ ಶಾಖದ ಭಯ ಜಾಸ್ತಿ, ಥಂಡಿಯ ಭಯ ಕಮ್ಮಿ. ಮನೆಯ ನಡುವಿನ ಕೋಣೆ, ನೆಲದಿಂದ ಗೇಣುದ್ದ ಮೇಲೆ ಹಲಗೆ, ಗೋಡೆಯಿಂದ ನಾಲ್ಕು ಬೆರಳು ದೂರ. ಗೆದ್ದಲಿಗೆ ಅಷ್ಟು ಎಚ್ಚರ ಬೇಕೇ ಬೇಕು. ಬಿಸಿಲಿಗೆ ಹಾಕಬೇಡಿ, ಮುಖಪುಟದ ಕೆಂಪು ಹಳದಿ ಮೊದಲು ಹೋಗುತ್ತವೆ. ಮುಗ್ಗಲು ವಾಸನೆ ಇದ್ದರೆ ನೆರಳಲ್ಲಿ, ಫ್ಯಾನಿನ ಗಾಳಿಯಲ್ಲಿ ಎರಡು ದಿನ ಬಿಡಿ. ಸೀರೆ ಜೊತೆ ಇದ್ದವು ಅಂದರೆ ಡಾಂಬರು ಗುಳಿಗೆ ಇದ್ದೇ ಇರುತ್ತದೆ. ತೆಗೆದುಬಿಡಿ. ಅದರ ವಾಸನೆ ಕಾಗದ ಬಿಡುವುದಿಲ್ಲ, ಕೆಲವು ಪ್ಲಾಸ್ಟಿಕ್ಕನ್ನೂ ಕೆಡಿಸುತ್ತದೆ. ಬೇವಿನ ಎಲೆ ಪುಟದ ನಡುವೆ ಇಡುವ ರೂಢಿಯೂ ಉಂಟು. ಹಸಿ ಎಲೆಯ ಕಲೆ ಅಲ್ಲೇ ಕೂರುತ್ತದೆ, ಬೇಡ.

ಪಾಲಿಪ್ರೊಪಿಲೀನ್ ಚೀಲ, ಹಿಂದೆ ಆಸಿಡ್-ಫ್ರೀ ಬೋರ್ಡ್. ಆನ್‌ಲೈನಿನಲ್ಲಿ ಕಾಮಿಕ್ಸ್ ಅಳತೆಗೇ ಸಿಗುತ್ತವೆ. ಎಲ್ಲ 160ಕ್ಕೂ ಕೊಳ್ಳಬೇಕಿಲ್ಲ, ಮೊದಲು ಇಪ್ಪತ್ತಕ್ಕೆ ಸಾಕು. ರಟ್ಟಿನ ಡಬ್ಬದಲ್ಲಿ ನಿಲ್ಲಿಸಿ ಇಡಿ, ಬಾಗದಷ್ಟು ತುಂಬಿ, ತೆಗೆಯಲು ಬೆರಳು ಹೋಗುವಷ್ಟು ಬಿಡಿ. ಮಲಗಿಸಿ ಗುಡ್ಡೆ ಹಾಕಿದರೆ ಕೆಳಗಿನವುಗಳ ಬೆನ್ನು ತಿರುಚುತ್ತದೆ.

ಈ ವಾರ ಇಷ್ಟು ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ನಂಬರ್, ವರ್ಷ, ಅಚ್ಚಾದ ಬೆಲೆ ಬರೆಯಿರಿ. ನಾನು ಮೇಲೆ ಹೇಳಿದ ನಂಬರುಗಳಲ್ಲಿ ಯಾವುದಾದರೂ ಸಿಕ್ಕರೆ ಅದರ ಮುಂಪುಟ, ಹಿಂಪುಟ, ಬೆನ್ನು, ನಡುಹಾಳೆಯ ಪಿನ್ನು, ಸಣ್ಣಕ್ಷರದ ಸಾಲು, ಹೀಗೆ ಐದು ಫೋಟೋ ತೆಗೆದು ನನಗೆ ಕಳಿಸಿ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ.

ಮಗಳ ವಿಷಯ. 1991ರ ಎಕ್ಸ್-ಮೆನ್ ನಂಬರ್ 1 ಮೂರು ಇವೆಯಲ್ಲ, ಅದರಲ್ಲಿ ಒಂದನ್ನು ಇವತ್ತೇ ಕೈಗೆ ಕೊಡಿ. ಮಡಿಚುವ ಮುಖಪುಟದ್ದು ಬಿಟ್ಟು ಬೇರೆ ಯಾವುದಾದರೂ ಆದೀತು. ಅದು ಮುಗಿದ ಮೇಲೆ, 1963ರದ್ದು ಅಂದುಕೊಂಡ ಪುಸ್ತಕಕ್ಕೆ ಬೆಳ್ಳಿ ಚೌಕಟ್ಟು ಇದ್ದರೆ ಅದನ್ನೂ ಕೊಡಿ, ಮೊದಲ ಕತೆ ಅದರಲ್ಲೇ ಇದೆ.